ಮುನಿತಾಯಮ್ಮನ ಮರಿ

ಕುಂದಾಣದ ಸುತ್ತಮುತ್ತ ಯಾರ ಹಿತ್ತಲಲ್ಲಾದರೂ ಮೈತುಂಬಿಕೊಂಡ ಕೋಳಿ ಕಂಡರೆ, "ಮುನಿತಾಯಮ್ಮನ ಮರಿ ಇರ್ಬೇಕು" ಅನ್ನುವ ಮಾತು ಹನ್ನೊಂದು ವರ್ಷದಿಂದ ನಡೆದುಬಂದಿತ್ತು. ಹ್ಯಾಚರಿಯಿಂದ ಒಂದು ದಿನದ ನಾಟಿ ಮರಿಗಳನ್ನು ತರಿಸಿ, ಬಲ್ಬಿನ ಕಾವಿನಲ್ಲಿ ಐದು ವಾರ ಸಾಕಿ, ಮಳೆ ಚಳಿಗೆ ಬಗ್ಗದಷ್ಟು ಬಲಿತ ಮೇಲೆ ಊರೂರಿನ ಹೆಂಗಸರಿಗೆ ಮಾರುವುದು ಅವಳ ಕಸುಬು. ಮಾರುವಾಗ ಒಂದು ಮಾತನ್ನು ಅವಳು ತಪ್ಪದೆ ಹೇಳುತ್ತಿದ್ದಳು. "ಕಾಯಿಲೆಯಿಂದ ಸತ್ರೆ ತಂದು ನನ್ ಮುಂದೆ ಹಾಕು." ಹನ್ನೊಂದು ವರ್ಷದಲ್ಲಿ ಯಾರೂ ತಂದು ಹಾಕಿರಲಿಲ್ಲ.

ಅವಳ ಹೆಮ್ಮೆಗೆಲ್ಲ ಬುಡ ಶುಚಿ. ಶೆಡ್ಡಿನ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ತಟ್ಟೆ ಇರುತ್ತಿತ್ತು. ಅದರಲ್ಲಿ ಕಾಲು ಅದ್ದದೆ ನರಪ್ರಾಣಿ ಒಳಗೆ ಹೋಗುವ ಹಾಗಿರಲಿಲ್ಲ. ಪಂಚಾಯ್ತಿ ಮೆಂಬರು ಒಂದು ಸಲ ಹೊಸ ಚಪ್ಪಲಿ ಹಾಕಿಕೊಂಡು ಬಂದು, ತಟ್ಟೆಯನ್ನು ನೋಡಿ, ಹೊರಗಿನಿಂದಲೇ ಮಾತಾಡಿ ಹೋಗಿದ್ದರು. "ನಮ್ಮನೇಲಿ ದೇವ್ರ ಗೂಡಿಗೆ ಇಲ್ದಿರೋ ಮಡಿ ಕೋಳಿ ಗೂಡಿಗೈತೆ" ಎಂದು ಅವಳ ಗಂಡ ಪಾಪಯ್ಯ ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ನಗುತ್ತಿದ್ದ. ನಗಲಿ. ಕಸುಬು ಹಿಡಿದ ಮೊದಲ ವರ್ಷ ಟ್ಯಾಂಕಿನ ಪಾಚಿ ನೀರು ಕುಡಿದು ಒಂದು ಗೂಡು ಮರಿ ಸತ್ತಿದ್ದನ್ನು ಅವನು ಮರೆತಿರಬಹುದು, ಮುನಿತಾಯಮ್ಮ ಮರೆತಿರಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಏಣಿ ಹತ್ತಿ ಶೆಡ್ಡಿನ ಟ್ಯಾಂಕಿಗೆ ಒಂದು ಚಮಚ ಬ್ಲೀಚಿಂಗ್ ಪುಡಿ ಹಾಕಿದ ಮೇಲೇ ಅವಳು ಕಾಫಿ ಕುಡಿಯುತ್ತಿದ್ದಳು. ಮುಖ ತೊಳೆಯುವಷ್ಟೇ ರೂಢಿಯಾಗಿಬಿಟ್ಟಿತ್ತು ಅದು.

ಹೀಗಿರುವಾಗ ಒಂದು ಬೆಳಿಗ್ಗೆ ಆವತಿಯ ಸೊಣ್ಣಮ್ಮ ಬಂದಳು. ತನ್ನೂರಿನ ಹನ್ನೆರಡು ಮನೆಗೆ ಮರಿ ಕೊಂಡೊಯ್ದು ಹಂಚುವವಳು ಅವಳೇ. ಕೂತುಕೋ ಅಂದರೂ ಕೂರಲಿಲ್ಲ. ಬಟ್ಟೆ ಚೀಲದಿಂದ ನಾಲ್ಕು ಸತ್ತ ಮರಿಗಳನ್ನು ತೆಗೆದು ಅಂಗಳದ ಕಲ್ಲಿನ ಮೇಲೆ ಸಾಲಾಗಿ ಇಟ್ಟಳು.

"ನೀನೇ ಹೇಳಿದ್ದೆ ಕಣಕ್ಕ, ಸತ್ರೆ ತಂದಾಕು ಅಂತ. ನೂರರಲ್ಲಿ ಅರವತ್ತು ಹೋದ್ವು. ಎಲ್ಲಾನೂ ಹೊತ್ಕೊಂಡ್ ಬರೋಕಾಗ್ಲಿಲ್ಲ, ನಾಕೇ ತಂದಿದೀನಿ."

"ಏನಾಗಿತ್ತು?"

"ಒಂದ್ ವಾರ ಚೆನ್ನಾಗೇ ಇದ್ವು. ಆಮೇಲೆ ಬಿಳೀ ಭೇದಿ ಶುರುವಾಯ್ತು. ರೆಕ್ಕೆ ಇಳಿಬಿಟ್ಕೊಂಡು ತೂಕಡಿಸ್ತಾ ತೂಕಡಿಸ್ತಾ ಹೋದ್ವು." ಸೊಣ್ಣಮ್ಮ ಚೀಲವನ್ನು ಮಡಚಿದಳು. "ಮುಂದಿನ ಸಲಕ್ಕೆ ನಮ್ಗೆ ಬೇಡ. ಬೇಜಾರ್ ಮಾಡ್ಕೋಬೇಡಕ್ಕ."

ಸೊಣ್ಣಮ್ಮ ಕೂಗಾಡಿದ್ದರೆ ಮುನಿತಾಯಮ್ಮ ಎರಡು ಪಟ್ಟು ಕೂಗಾಡಿ ಗೆಲ್ಲುತ್ತಿದ್ದಳು. ಇವಳು ಬೈಯದೆ ಹೋದಳಲ್ಲ, ಅದು ಎದೆಗೆ ನಾಟಿತು. ಆವತಿಯಲ್ಲಿ ಬೇಡವಾದ ಮರಿ ನಾಳೆ ಕುಂದಾಣದಲ್ಲೂ ಬೇಡವಾಗುತ್ತದೆ. ಹನ್ನೊಂದು ವರ್ಷ ಕಟ್ಟಿದ ಹೆಸರು ಆ ಕಲ್ಲಿನ ಮೇಲೆ ಕಾಲು ಚಾಚಿಕೊಂಡು ಮಲಗಿತ್ತು.

ಅವತ್ತೇ ಅವಳು ಪಶು ಆಸ್ಪತ್ರೆಯ ಡಾಕ್ಟರನ್ನು ಕರೆಸಿದಳು. ಡಾಕ್ಟರು ಪ್ರಿಯಾಂಕ ಕುಂದಾಣಕ್ಕೆ ಬಂದು ಆರು ತಿಂಗಳಾಗಿತ್ತು. ತೆಳ್ಳಗಿನ ಹುಡುಗಿ, ಸ್ಕೂಟರಿನಲ್ಲಿ ಬರುವವಳು. ಬಾಗಿಲಲ್ಲಿ ಯಾರೂ ಹೇಳದೆ ತಾನೇ ತಟ್ಟೆಯಲ್ಲಿ ಕಾಲು ಅದ್ದಿದಳು, ಅಷ್ಟರಮಟ್ಟಿಗೆ ಮುನಿತಾಯಮ್ಮನಿಗೆ ಹಿಡಿಸಿದಳು. ಪೇಪರು ಹಾಸಿ, ಸತ್ತ ಮರಿಯ ಹೊಟ್ಟೆ ಸೀಳಿ ಕರುಳು ತೋರಿಸಿದಳು. ನೆನೆದ ಕಾಗದದಷ್ಟು ತೆಳುವಾಗಿತ್ತು.

"ಅಮ್ಮ, ಮೊದಲ ದಿನದಿಂದ ಏನು ಔಷಧಿ ಕೊಡ್ತೀರ?"

ಮುನಿತಾಯಮ್ಮ ಆಂಟಿಬಯಾಟಿಕ್ ಡಬ್ಬಿ ತಂದು ಮುಂದಿಟ್ಟಳು. ಮೊದಮೊದಲು ಅರ್ಧ ಚಮಚ ಸಾಕಾಗುತ್ತಿತ್ತು, ಈಗ ಎರಡು ಹಾಕಿದರೂ ಸಾಲದು ಅಂದಳು.

"ರೋಗದ ಕ್ರಿಮಿಗಳು ಇದಕ್ಕೆ ಪಳಗಿಬಿಟ್ಟಿವೆ. ಸಾಯ್ತಿರೋದು ಒಳ್ಳೇ ಕ್ರಿಮಿಗಳು ಮಾತ್ರ. ತಾಯಿ ಜೊತೆ ಬೆಳೆಯೋ ಮರಿ ಮಣ್ಣು ಕೆದಕಿ, ತಾಯಿ ಹಿಕ್ಕೆ ಕೆದಕಿ ಒಳ್ಳೇದನ್ನ ಹೊಟ್ಟೆಗೆ ತಗೊಳ್ಳುತ್ತೆ. ನಿಮ್ಮ ಮರಿ ಮೆಷಿನ್ನಲ್ಲಿ ಹುಟ್ಟಿದ್ದು, ತಾಯೀನೇ ನೋಡಿಲ್ಲ. ಅದರ ಹೊಟ್ಟೆ ಖಾಲಿ ಮನೆ ಇದ್ದ ಹಾಗೆ. ಮೊದಲು ಯಾರು ನುಗ್ತಾರೋ ಅವರದೇ ಮನೆ." ಪ್ರಿಯಾಂಕ ಚೀಲದಿಂದ ಒಂದು ಪುಡಿಯ ಪೊಟ್ಟಣ ತೆಗೆದಳು. "ಇದು ಪ್ರೋಬಯಾಟಿಕ್. ಮೊಸರಲ್ಲಿರೋ ಥರದ ಒಳ್ಳೇ ಕ್ರಿಮಿಗಳಿವೆ, ಜೀವಂತವಾಗಿ. ಮೊದಲ ದಿನದಿಂದಲೇ ನೀರಲ್ಲಿ ಕಲಸಿ ಕುಡಿಸಿ. ಆಂಟಿಬಯಾಟಿಕ್ ನಿಲ್ಲಿಸಿ."

ಮುನಿತಾಯಮ್ಮ ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ದೂರ ಇಟ್ಟುಕೊಂಡು ನೋಡಿದಳು. "ಹನ್ನೊಂದ್ ವರ್ಷದಿಂದ ಕ್ರಿಮೀನ ಬಾಗಿಲಾಚೆ ನಿಲ್ಸಿದೀನಿ ಡಾಕ್ಟ್ರಮ್ಮ. ಈಗ ನಾನೇ ಕೈಯಾರೆ ಕುಡಿಸ್ಲಾ?"

ಕೊನೆಗೆ ಒಂದು ಒಪ್ಪಂದವಾಯಿತು. ಹೊಸದಾಗಿ ಬರುವ ಆರುನೂರು ಮರಿಗೆ ನಡುವೆ ತಗಡು ನಿಲ್ಲಿಸಿ ಎರಡು ಭಾಗ ಮಾಡುವುದು. ಎಡಗಡೆ ಮುನಿತಾಯಮ್ಮನ ಹಳೇ ಪದ್ಧತಿ, ಬಲಗಡೆ ಡಾಕ್ಟ್ರಮ್ಮನ ಪುಡಿ. ಹತ್ತು ದಿನಕ್ಕೆ ನೋಡೋಣ. "ನೀರು ಯಾವುದು?" ಎಂದು ಪ್ರಿಯಾಂಕ ಕೇಳಿದಳು. "ನಮ್ ಬೋರ್‌ವೆಲ್ದೇ. ಕನ್ನಡಿ ಥರ ಐತೆ" ಎಂದಳು ಮುನಿತಾಯಮ್ಮ. ಬ್ಲೀಚಿಂಗ್ ಪುಡಿಯ ಮಾತು ಅವಳು ಎತ್ತಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಬೆಳಿಗ್ಗೆ ಮುಖ ತೊಳೆದೆ ಅಂತ ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

ಮರಿಗಳು ಬಂದವು. ಮಾತು ಕೊಟ್ಟ ಮೇಲೆ ಮುನಿತಾಯಮ್ಮ ಮೋಸ ಮಾಡುವವಳಲ್ಲ. ದಿನಾ ಬೆಳಿಗ್ಗೆ ಅಳತೆ ತಪ್ಪದಂತೆ ಪುಡಿಯನ್ನು ಒಂದು ಬಕೆಟ್ ಟ್ಯಾಂಕಿನ ನೀರಲ್ಲಿ ಕಲಸಿ ಬಲಗಡೆಯ ಮರಿಗಳಿಗೆ ಇಟ್ಟಳು. ಆದರೆ ಕುಡಿಸುತ್ತಿರುವುದು ಜೀವಂತ ಕ್ರಿಮಿಯಲ್ಲವೇ, ಏನಾದರೂ ಹೆಚ್ಚುಕಮ್ಮಿ ಆದರೆ? ಅದಕ್ಕೇ ಆ ಬಕೆಟ್ಟಿಗೆ ಮುನ್ನೆಚ್ಚರಿಕೆಗೆಂದು ಒಂದು ಚಿಟಿಕೆ ಬ್ಲೀಚಿಂಗ್ ಪುಡಿ ಜಾಸ್ತಿಯೇ ಹಾಕಿದಳು.

ಹತ್ತು ದಿನಕ್ಕೆ ಎಡಗಡೆ ಹದಿನೆಂಟು ಮರಿ ಹೋಗಿದ್ದವು, ಬಲಗಡೆ ಇಪ್ಪತ್ತಾರು. ಎರಡೂ ಕಡೆ ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡ ಮರಿಗಳಿದ್ದವು. ಪ್ರಿಯಾಂಕ ಬಂದು ನೋಡಿದಳು, ಪೊಟ್ಟಣದ ತಾರೀಖು ನೋಡಿದಳು, ಮತ್ತೆ ಮರಿಗಳನ್ನು ನೋಡಿದಳು. "ಹೀಗಾಗಬಾರದಿತ್ತು ಅಮ್ಮ" ಅಂದಳು. ಸ್ಕೂಟರ್ ಹತ್ತಿ ಹೊರಟಳು.

ಸಂಜೆ ಡೈರಿಯಲ್ಲಿ ಹಾಲು ಹಾಕಲು ಸಾಲು ನಿಂತಿದ್ದ ಹೆಂಗಸರ ಮುಂದೆ ಮುನಿತಾಯಮ್ಮ ತೀರ್ಪು ಕೊಟ್ಟಳು. "ಆ ಪುಡಿ ಬರೀ ಬೂದಿ ಕಣ್ರೇ. ನಾನೇ ಕೈಯಾರೆ ಹಾಕಿ ನೋಡ್ಬಿಟ್ಟೆ." ಮುನಿತಾಯಮ್ಮ ಅಂದಮೇಲೆ ಮುಗಿಯಿತು. ಅದೇ ಪುಡಿಯನ್ನು ಡಾಕ್ಟರಿಂದ ತಂದಿಟ್ಟುಕೊಂಡಿದ್ದ ಇಬ್ಬರು ಅವತ್ತೇ ಅದನ್ನು ತಿಪ್ಪೆಗೆ ಸುರಿದರು.

ದಾರಿಯಲ್ಲಿ ಪಾಪಯ್ಯ ಕ್ಯಾನು ತೂಗಾಡಿಸುತ್ತ ಅವಳ ಮುಖವನ್ನೇ ನೋಡುತ್ತಿದ್ದ. "ಗೆದ್ದೋರ ಮುಖ ಹಿಂಗಿರಲ್ಲ ಕಣೇ" ಅಂದ. ಡಾಕ್ಟ್ರಮ್ಮ ಸೋತಳು ಸರಿ, ಆದರೆ ತಾನು ಗೆದ್ದಿದ್ದು ಏನನ್ನು? ಎಡಗಡೆಯ ಹದಿನೆಂಟು ಮರಿಯನ್ನು ಹೂತವಳೂ ಅವಳೇ ತಾನೇ?

ಮಾರನೆಯ ದಿನ ಸಂಜೆ ಸೊರಗಿದ ಮರಿಗಳನ್ನು ಬೇರೆ ಮಾಡುತ್ತಾ ಶೆಡ್ಡಿನಲ್ಲೇ ಉಳಿದ ಅವಳು, ಹಾಲಿಗೆ ಹೆಪ್ಪು ಹಾಕಿಬಿಡಿ ಎಂದು ಗಂಡನಿಗೆ ಕೂಗಿ ಹೇಳಿದಳು. ಅವಳ ಹೆಪ್ಪಿಗೂ ಊರಲ್ಲಿ ಹೆಸರಿತ್ತು, ಅಕ್ಕಪಕ್ಕದವರು ಲೋಟ ಹಿಡಿದು ಬಂದು ಇಸಿದುಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಪಾತ್ರೆ ತೆಗೆದು ನೋಡಿದರೆ ಹಾಲು ಹಾಲಾಗಿಯೇ ಇತ್ತು.

"ಏನ್ರೀ, ಹಾಲು ಆರಿಸಿ ಹಾಕಿದ್ರಾ ಹೆಪ್ಪು?"

"ಒಲೆಯಿಂದ ಇಳಿಸ್ದೆ, ಹಾಕ್ದೆ. ಆರೋವರ್ಗೂ ಅದ್ರ ಮುಂದೆ ಕೂತಿರ್ಬೇಕಾ?"

ಮುನಿತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮೂವತ್ತು ವರ್ಷ ಮೊಸರನ್ನ ತಿಂದವ್ರು ನೀವು. ಸುಡೋ ಹಾಲಿಗೆ ಹಾಕಿದ್ರೆ ಹೆಪ್ಪು ಸತ್ತೋಗಲ್ವಾ? ಅದೇನು ಕಲ್ಲಾ, ಸಕ್ಕರೇನಾ? ಜೀವ ಇರೋದು ಅದು. ಜೀವ ಇರೋದನ್ನ ಹಾಕೋವಾಗ ಅದು ಬದುಕೋ ಜಾಗ..."

ಮಾತು ಅಲ್ಲಿಗೇ ನಿಂತಿತು. ಪಾಪಯ್ಯ ಮಿಕ್ಕ ಬೈಗುಳಕ್ಕೆ ತಲೆ ತಗ್ಗಿಸಿ ಕಾದ. ಬರಲಿಲ್ಲ. ತಲೆಯೆತ್ತಿ ನೋಡಿದರೆ ಹೆಂಡತಿ ತನ್ನ ಬಲಗೈ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದಳು. ಈಗಷ್ಟೇ ಏಣಿ ಇಳಿದು ಬಂದಿದ್ದ ಆ ಕೈಯಲ್ಲಿ ಬ್ಲೀಚಿಂಗ್ ಪುಡಿಯ ಘಾಟು ಇನ್ನೂ ಇತ್ತು. ಪಾಪಯ್ಯನಿಗೆ ನಿಜಕ್ಕೂ ಹೆದರಿಕೆಯಾಯಿತು. ಬೈಗುಳವನ್ನು ಅರ್ಧಕ್ಕೆ ಬಿಟ್ಟವಳೇ ಅಲ್ಲ ಅವಳು.

"ಎರಡು ಸ್ಟೀಲ್ ಲೋಟ ತನ್ನಿ" ಎಂದಳು.

ಒಂದು ಲೋಟಕ್ಕೆ ಬೋರ್‌ವೆಲ್ಲಿನಿಂದ ಆಗತಾನೇ ಬಂದ ನೀರು, ಇನ್ನೊಂದಕ್ಕೆ ಬಲಗಡೆಯ ಬಕೆಟ್ಟಿನ ನೀರು. ಎರಡಕ್ಕೂ ಡಾಕ್ಟ್ರಮ್ಮನ ಪುಡಿಯನ್ನು ಒಂದೇ ಅಳತೆಯಲ್ಲಿ ಕಲಸಿ ಒಂದು ಗಂಟೆ ಬಿಟ್ಟಳು. ಆಮೇಲೆ ಕಾಯಿಸಿ ಆರಿಸಿದ ಹಾಲನ್ನು ಬೇರೆ ಎರಡು ಲೋಟಕ್ಕೆ ಹುಯ್ದು, ಕಿರುಬೆರಳು ಅದ್ದಿ ಹದ ನೋಡಿ, ಒಂದೊಂದು ನೀರಿನಿಂದ ಒಂದೊಂದು ಚಮಚ ಬೆರೆಸಿದಳು. ಬಕೆಟ್ಟಿನ ನೀರು ಬಿದ್ದ ಲೋಟಕ್ಕೆ ಗುರುತಿಗೆ ದಾರ ಕಟ್ಟಿದಳು. ಎರಡನ್ನೂ ಮುಚ್ಚಿ ಮರಿಗಳ ಬಲ್ಬಿನ ಕಾವು ತಾಗುವ ಮೂಲೆಯಲ್ಲಿಟ್ಟಳು. ಇದೇನು ಮಾಡುತ್ತಿದ್ದೀಯ ಎಂದು ಪಾಪಯ್ಯ ಮೂರು ಸಲ ಕೇಳಿದ. "ಹೆಪ್ಪು ಹಾಕೋದ್ ಹೆಂಗೆ ಅಂತ ಕಲೀತಿದೀನಿ" ಎಂದಳು.

ಸಂಜೆ ನಾಲ್ಕೂವರೆಗೆ ಮುಚ್ಚಳ ತೆಗೆದಳು. ಬೋರ್‌ವೆಲ್ ನೀರಿನ ಲೋಟವನ್ನು ವಾಲಿಸಿದರೆ ಹಾಲು ಅಲುಗಲಿಲ್ಲ. ಸ್ವಲ್ಪ ಸಡಿಲವೇ, ಆದರೆ ಮೊಸರು. ಮೂಗಿಗೆ ಹುಳಿ ವಾಸನೆ ಬಂತು. ದಾರ ಕಟ್ಟಿದ ಲೋಟವನ್ನು ವಾಲಿಸಿದರೆ ಹಾಲು ಬೆರಳ ಮೇಲೆ ಚೆಲ್ಲಿತು.

ಅವಳು ಮರಿಗಳಿಗೆ ಹಾಸಿದ್ದ ಭತ್ತದ ಹೊಟ್ಟಿನ ಮೇಲೆ ಕೂತುಬಿಟ್ಟಳು. ಮರಿಗಳು ಬಂದು ಸೀರೆ ಅಂಚನ್ನು ಕುಕ್ಕಿದವು. ಪುಡಿ ಬೂದಿಯಾಗಿರಲಿಲ್ಲ, ಬೂದಿ ಮಾಡಿದ್ದು ಅವಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮರಿಗಳನ್ನು ಕಾಯಲಿ ಅಂತ ಹನ್ನೊಂದು ವರ್ಷ ಏಣಿ ಹತ್ತಿದ ಕೈ ಅದು. ಅವಳಿಗೆ ಅಳು ಬಂತು. ಅತ್ತಳು ಕೂಡ, ಯಾರೂ ಇರಲಿಲ್ಲವಲ್ಲ.

ಎಲ್ಲವನ್ನೂ ಕೇಳಿ ಪಾಪಯ್ಯ ತಲೆ ಕೆರೆದುಕೊಂಡ. "ನಾಳೆಯಿಂದ ಬ್ಲೀಚಿಂಗ್ ಹಾಕೋದ್ ನಿಲ್ಸಿಬಿಡು. ಪುಡಿ ಕೊಡು. ಮರಿ ಚೆನ್ನಾಗಾದ್ರೆ ಆಯ್ತು. ನಡುವೆ ಏನಾಯ್ತು ಅಂತ ಯಾರಿಗ್ ಗೊತ್ತಾಗ್ಬೇಕು?"

"ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ಲಾ?"

"ಅನ್ನು. ಮೀಸೆ ನಿಂದೇ ಅಲ್ವಾ."

ಅವನು ಹೇಳಿದ್ದು ಸುಲಭವಾಗಿತ್ತು, ಅದು ಅವಳಿಗೂ ಗೊತ್ತಿತ್ತು. ಮೊನ್ನೆ ತಾನೇ ಅಷ್ಟು ಜೋರಾಗಿ ಹೇಳಿದ ಮಾತನ್ನು ಅದೇ ಜಾಗದಲ್ಲಿ ನಿಂತು ನುಂಗುವುದು ಬಿಸಿ ತುಪ್ಪವೇ ಸರಿ.

"ನನ್ ಮಾತ್ ಕೇಳಿ ಇಬ್ರು ಪುಡೀನ ತಿಪ್ಪೆಗೆ ಹಾಕವ್ರೆ" ಎಂದಳು ಕೊನೆಗೆ. "ನಾಳೆ ಅವ್ರ ಮರಿ ಸತ್ರೆ ಯಾರ್ ಮುಂದೆ ತಂದು ಹಾಕ್ಬೇಕು, ನೀವೇ ಹೇಳಿ."

ಪಾಪಯ್ಯ ಎದ್ದು ಹಾಲಿನ ಕ್ಯಾನು ಕೈಗೆತ್ತಿಕೊಂಡ. ಅವಳು ಎರಡು ಲೋಟ ಎತ್ತಿಕೊಂಡಳು.

ಡೈರಿಯ ಸಾಲು ಇನ್ನೂ ಕರಗಿರಲಿಲ್ಲ. ಮುನಿತಾಯಮ್ಮ ತೂಕದ ಮೇಜಿನ ಮೇಲೆ ಲೋಟಗಳನ್ನಿಟ್ಟು ಮುಚ್ಚಳ ತೆಗೆದಳು. "ಎಲ್ಲಾ ಬಂದು ನೋಡಿ. ಪುಡಿ ಬೂದಿ ಅಂತ ಮೊನ್ನೆ ಅಂದೆನಲ್ಲ, ಸುಳ್ಳು. ಅದರ ಜೀವ ತೆಗೆದಿದ್ದು ನಾನು, ನೀರಿಗೆ ಬ್ಲೀಚಿಂಗ್ ಹಾಕಿ. ಇದು ಬೋರ್ ನೀರಲ್ಲಿ ಕಲಸಿದ್ದು, ಮೊಸರಾಗೈತೆ. ಇದು ನನ್ ಟ್ಯಾಂಕ್ ನೀರು, ಹಂಗೇ ಐತೆ. ಬೆರಳಾಕಿ ನೋಡಿ."

ಮೊದಲು ಯಾರೂ ಮುಂದೆ ಬರಲಿಲ್ಲ. ಆಮೇಲೆ ಒಬ್ಬೊಬ್ಬರೇ ಬೆರಳು ಹಾಕಿದರು. ಪುಡಿ ಬಿಸಾಕಿದವಳೊಬ್ಬಳು, "ಅಕ್ಕಾ, ನಾವೂ ಟ್ಯಾಂಕಿಗೆ ಹಾಕ್ತೀವಿ, ನೀನ್ ಹಾಕ್ತೀಯ ಅಂತಾನೇ" ಎಂದಳು ಮೆಲ್ಲಗೆ. ಹೇಳಿದ್ದು ಒಳ್ಳೆಯದಾಯಿತು ಎಂದು ಆಗ ಮುನಿತಾಯಮ್ಮನಿಗೆ ಗಟ್ಟಿಯಾಯಿತು.

ಸುದ್ದಿ ಕೇಳಿ ಪ್ರಿಯಾಂಕ ಮರುದಿನ ಬೆಳಿಗ್ಗೆಯೇ ಬಂದಳು. ಮುನಿತಾಯಮ್ಮ ಅವಳೆದುರು ಮತ್ತೆ ಹೊಸದಾಗಿ ಎರಡು ಲೋಟ ಕಲಸಿಟ್ಟು, ಸಂಜೆ ಎರಡನ್ನೂ ವಾಲಿಸಿ ತೋರಿಸಿದಳು. "ನಮ್ಮ ಕಾಲೇಜಲ್ಲಿ ಯಾರೂ ಇದನ್ನ ಹೀಗೆ ತೋರಿಸ್ಲಿಲ್ಲ" ಅಂದಳು ಪ್ರಿಯಾಂಕ. "ನೀರಿಗೆ ಏನಾದ್ರೂ ಹಾಕ್ತೀರಾ ಅಂತ ನಾನು ಕೇಳಬೇಕಿತ್ತು. ತಪ್ಪು ನಂದೂ ಇದೆ ಅಮ್ಮ."

"ಅರ್ಧ ತಗೊಳ್ಳಿ" ಎಂದಳು ಮುನಿತಾಯಮ್ಮ. "ಪೂರ್ತಿ ಕೊಡಲ್ಲ."

ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳಿಸಿ, ಕುಡಿಯಲು ಅಡ್ಡಿಯಿಲ್ಲ ಅಂತ ತಿಳಿದುಕೊಂಡರು. ಬ್ಲೀಚಿಂಗ್ ಪುಡಿ ಬಾಗಿಲ ತಟ್ಟೆಗೆ ಮಾತ್ರ, ಟ್ಯಾಂಕು ತೊಳೆಯುವುದು ಶೆಡ್ಡು ಖಾಲಿಯಿರುವಾಗ ಮಾತ್ರ ಎಂದು ನಿಯಮವಾಯಿತು. ಮುಂದಿನ ಸಲ ತೂತಿನ ರಟ್ಟಿನ ಡಬ್ಬಗಳಲ್ಲಿ ಮರಿಗಳು ಬಂದಿಳಿದಾಗ ಮುನಿತಾಯಮ್ಮ ಒಂದೊಂದನ್ನೇ ಅಂಗೈಯಲ್ಲಿ ಹಿಡಿದು, ಪುಡಿ ಕಲಸಿದ ನೀರಿಗೆ ಕೊಕ್ಕು ತಾಗಿಸಿ ಬಿಟ್ಟಳು. ಆರುನೂರಕ್ಕೂ ಹಾಗೇ ಮಾಡಿದಳು. ನಾಲ್ಕು ಮರಿಗೆ ಕಲಿಸಿದರೆ ಮಿಕ್ಕವು ನೋಡಿ ಕಲಿಯುತ್ತವೆ ಎಂದು ಪಾಪಯ್ಯ ಹೇಳಿದ. ತಾಯಿ ಇಲ್ಲದ ಮಕ್ಕಳಿಗೆ ಮೊದಲ ಗುಟುಕು ಯಾರಾದರೂ ಕೊಡಬೇಕಲ್ಲ ಅಂದಳು.

ಆ ಸಲದ ಮರಿಗಳನ್ನು ನೋಡಬೇಕಿತ್ತು. ಹತ್ತನೆಯ ದಿನಕ್ಕೆ ಹಿಂಭಾಗ ಒಣಗಿ ಸ್ವಚ್ಛ, ಕಣ್ಣು ಚುರುಕು, ಹೊಟ್ಟು ಹುಡಿಹುಡಿ. ಆರುನೂರರಲ್ಲಿ ಹೋಗಿದ್ದು ಒಂಬತ್ತು. ಪ್ರಿಯಾಂಕ ತೂಗಿ ನೋಡಿ, ಹೋದ ಸಲಕ್ಕಿಂತ ತೂಕ ಚೆನ್ನಾಗಿದೆ ಎಂದಳು. ಮುನಿತಾಯಮ್ಮ ದಿನಕ್ಕೆ ಹತ್ತು ಸಲ ಕೆಲಸವಿಲ್ಲದಿದ್ದರೂ ಶೆಡ್ಡಿಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದಳು. ಆದರೆ ಅವಳಿಗೆ ಗೊತ್ತಿತ್ತು, ಪರೀಕ್ಷೆ ಇಲ್ಲಲ್ಲ. ಸೊಣ್ಣಮ್ಮ ಒಯ್ದ ಅರವತ್ತು ಮರಿ ಸತ್ತಿದ್ದೂ ಮನೆಗಳಿಗೆ ಹೋದ ಮೇಲೆಯೇ.

ಐದು ವಾರ ತುಂಬಿದ ದಿನ ಅವಳು ಸೊಣ್ಣಮ್ಮನನ್ನು ಕರೆಸಿ ಮೂವತ್ತು ಮರಿ ಕೊಟ್ಟಳು. "ನಿನ್ ಹಿತ್ತಲಲ್ಲಿ ಒಂದ್ ತಿಂಗಳು ಬಿಡು. ಯಾರ್ ಮರಿ ಅಂತ ಯಾರಿಗೂ ಹೇಳ್ಬೇಡ. ಉಳಿದ್ರೆ ಬಂದ್ ಹೇಳು. ಸತ್ರೆ ತಂದ್ ಹಾಕು, ಎಲ್ಲಾನೂ ಹೊತ್ಕೊಂಡ್ ಬಾ." ಸೊಣ್ಣಮ್ಮ ಮರಿಗಳ ಹಿಂಭಾಗವನ್ನು ಒಂದೊಂದಾಗಿ ಎತ್ತಿ ನೋಡಿ ಬುಟ್ಟಿಗೆ ತುಂಬಿಕೊಂಡಳು.

ಆ ತಿಂಗಳು ಮುನಿತಾಯಮ್ಮ ಆವತಿಯ ಕಡೆಯಿಂದ ಬರುವ ಬಸ್ಸನ್ನು ನೋಡಿದಷ್ಟು ಜನ್ಮದಲ್ಲಿ ನೋಡಿರಲಿಲ್ಲ. ಮೂವತ್ತು ದಿನ ಆಯಿತು, ಮೂವತ್ತಮೂರು ಆಯಿತು. ಮೂವತ್ತನಾಲ್ಕನೆಯ ದಿನ ಬೆಳಿಗ್ಗೆ ಸೊಣ್ಣಮ್ಮ ಬಂದಳು. ಕಂಕುಳಲ್ಲಿ ಎರಡು ಬುಟ್ಟಿ ಇದ್ದವು. ಮುನಿತಾಯಮ್ಮನ ಕಣ್ಣು ಮೊದಲು ಹೋಗಿದ್ದು ಆ ಬುಟ್ಟಿಗಳಿಗೆ. ಎರಡೂ ಖಾಲಿ.

"ತಟ್ಟೇಲಿ ಕಾಲದ್ದು" ಎಂದಳು, ದನಿ ಗಟ್ಟಿ ಮಾಡಿಕೊಂಡು.

ಸೊಣ್ಣಮ್ಮ ಕಾಲು ಅದ್ದಿದಳು. "ಇಪ್ಪತ್ತೊಂಬತ್ತು ಉಳ್ಕೊಂಡವೆ ಅಕ್ಕ. ಒಂದನ್ನ ಮುಂಗುಸಿ ಎತ್ಕೊಂಡ್ ಹೋಯ್ತು."

"ಮುಂಗುಸಿ ತಿಂದಿದ್ದು ನನ್ ಲೆಕ್ಕಕ್ಕಿಲ್ಲ."

"ಅದಕ್ಕೇ ನೂರೈವತ್ತು ಬೇಕು ಅಂತ ಬಂದೆ. ಮಿಕ್ಕ ಬುಟ್ಟಿ ಹಿಂದೆ ಆಟೋದಲ್ಲಿ ಬರ್ತಾವೆ." ದೇವನಹಳ್ಳಿಗೆ ಇಳಿಯುವ ವಿಮಾನವೊಂದು ಶೆಡ್ಡಿನ ಮೇಲೆ ಸದ್ದು ಮಾಡುತ್ತಾ ಹೋಯಿತು. ಸೊಣ್ಣಮ್ಮ ದನಿ ಎತ್ತರಿಸಿದಳು. "ಹೇಳ್ಬೇಡ ಅಂದಿದ್ದೆ ನೀನು. ಆದ್ರೆ ದಾರೀಲಿ ಹೋಗೋರೆಲ್ಲ ಬೇಲಿ ಹತ್ರ ನಿಂತು ಯಾರ್ ಮರಿ ಯಾರ್ ಮರಿ ಅಂತ ಕೇಳೋರು. ತಡೀಲಿಲ್ಲ, ಹೇಳ್ಬಿಟ್ಟೆ. ಮುನಿತಾಯಮ್ಮನ ಮರಿ ಅಂತ."

ಮುನಿತಾಯಮ್ಮ ಕೈಯಲ್ಲಿದ್ದ ಮೇವಿನ ಡಬ್ಬವನ್ನು ಕೆಳಗಿಟ್ಟಳು.

"ಏನಂದೆ? ವಿಮಾನದ ಸದ್ದಲ್ಲಿ ಕೇಳಿಸ್ಲಿಲ್ಲ."

"ವಿಮಾನ ಇಷ್ಟೊತ್ತಿಗೆ ಇಳಿದು ಜನ ಮನೆಗೋಗವ್ರೆ" ಎಂದ ಪಾಪಯ್ಯ, ಏಣಿಯ ಪಕ್ಕದಿಂದ. "ಕೇಳಿಸ್ದೆ ಏನು, ಚೆನ್ನಾಗೇ ಕೇಳಿಸೈತೆ ಅವಳಿಗೆ. ಹೇಳವ್ವ ಸೊಣ್ಣಮ್ಮ, ಇನ್ನೊಂದ್ ಸಲ ಹೇಳು."